ಕರುಳಿನ ಉರಿಯೂತದ ಸಂಶೋಧನೆಗೆ ಯಾವ ಜೀನ್ ತೆಗೆದ ಇಲಿ ಎಲ್ಲಕ್ಕಿಂತ ಒಳ್ಳೆಯದು?

ಪಿಎಚ್‌ಡಿ ಮೊದಲ ವರ್ಷ, ಯಾವ ನಾಕ್‌ಔಟ್ ಇಲಿ, ಅಂದರೆ ಯಾವ ಜೀನ್ ತೆಗೆದ ಇಲಿ, ತರಿಸಬೇಕೆಂದು ಗೈಡ್‌ಗೆ ಎರಡು ವಾರದಲ್ಲಿ ಹೇಳಬೇಕು ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೆ ಜರ್ಮನಿಯಲ್ಲಿ ನಾನು ಕಳೆದ ಮೊದಲ ಚಳಿಗಾಲ ಕಣ್ಣಮುಂದೆ ಬಂತು.

ನನ್ನ ಕೈಗೆ ಬಂದದ್ದು ನಾಡ್2 ಜೀನ್ ಇಲ್ಲದ ಇಲಿ. ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಗೂ ಈ ಜೀನ್‌ಗೂ ನಂಟಿದೆ ಅಂತ 2001ರಲ್ಲಿ ಗೊತ್ತಾಗಿತ್ತು. ಆದರೆ ಜೀನ್ ತೆಗೆದ ಮಾತ್ರಕ್ಕೆ ಇಲಿಯ ಕರುಳು ಕೆಡುವುದಿಲ್ಲ. ಅದಕ್ಕೇ ಕುಡಿಯುವ ನೀರಿಗೆ ಡಿಎಸ್‌ಎಸ್ ಅನ್ನುವ ರಾಸಾಯನಿಕ ಬೆರೆಸಿ ಏಳು ದಿನ ಕೊಟ್ಟೆ. ಅದು ದೊಡ್ಡ ಕರುಳಿನ ಒಳಪದರವನ್ನು ಕೆಡಿಸುತ್ತದೆ. ಆರನೇ ದಿನ ನಾಕ್‌ಔಟ್ ಇಲಿಗಳ ಹಿಕ್ಕೆಯಲ್ಲಿ ರಕ್ತ, ತೂಕ ಸರಸರ ಇಳಿಯಿತು. ಹೋಲಿಕೆಗೆ ಇಟ್ಟ, ಜೀನ್ ಇರುವ ಕಂಟ್ರೋಲ್ ಇಲಿಗಳಿಗೆ ಅಷ್ಟೇನೂ ಆಗಲಿಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಫಲಿತಾಂಶ. ಊರಿಗೆ ಫೋನ್ ಮಾಡಿ ಅಮ್ಮನಿಗೆ ಪೇಪರ್ ಬರುತ್ತೆ ಅಂತ ಹೇಳಿಯೂ ಆಗಿತ್ತು.

ತಪ್ಪು ಎಲ್ಲಿತ್ತು ಅಂದರೆ, ನಾಕ್‌ಔಟ್ ಇಲಿಗಳು ನಮ್ಮ ಅನಿಮಲ್ ಹೌಸಿನಲ್ಲೇ ತಲೆಮಾರುಗಟ್ಟಲೆ ಬೆಳೆದವು. ಕಂಟ್ರೋಲ್ ಇಲಿಗಳನ್ನು ನಾನು ಹೊರಗಿನಿಂದ ಕೊಂಡಿದ್ದೆ. ತಳಿ ಒಂದೇ, ವಯಸ್ಸು ಒಂದೇ, ಎರಡೂ ಹೆಣ್ಣು. ಇನ್ನೇನು ಬೇಕು ಅಂದುಕೊಂಡೆ. ಆದರೆ ಇಲಿ ತನ್ನ ಗೂಡಿನ ಹಿಕ್ಕೆ ತಿನ್ನುತ್ತದೆ. ಒಂದು ಗೂಡಿನ ಬ್ಯಾಕ್ಟೀರಿಯಾ ಆ ಗೂಡಿನ ಎಲ್ಲದರ ಹೊಟ್ಟೆಯಲ್ಲೂ ಇರುತ್ತದೆ, ತಾಯಿಯಿಂದ ಮರಿಗೂ ಹೋಗುತ್ತದೆ. ನಾನು ಅಳೆದದ್ದು ಜೀನ್ ಇದ್ದ, ಇಲ್ಲದ ಇಲಿಗಳ ವ್ಯತ್ಯಾಸವನ್ನಲ್ಲ. ಎರಡು ಬೇರೆ ಮನೆಗಳ ಬ್ಯಾಕ್ಟೀರಿಯಾದ ವ್ಯತ್ಯಾಸವನ್ನು. ಜೀನಿನ ಒಂದು ಪ್ರತಿ ಮಾತ್ರ ಇರುವ ಗಂಡು ಹೆಣ್ಣು ಕೂಡಿಸಿ, ಒಂದೇ ಸೂಲಿನ ಮರಿಗಳಲ್ಲಿ ಕೆಲವು ನಾಕ್‌ಔಟ್, ಕೆಲವು ಕಂಟ್ರೋಲ್ ಅಂತ ಜೀನ್ ಪರೀಕ್ಷಿಸಿ ಗುರುತಿಸಿ ಮತ್ತೆ ನೋಡಿದೆ. ವ್ಯತ್ಯಾಸವೇ ಇರಲಿಲ್ಲ. ಹದಿನಾಲ್ಕು ತಿಂಗಳ ಕೆಲಸ ಹೋಯಿತು. ನೋವು ತಿಂದು ಸತ್ತ ಆ ಇಲಿಗಳ ಲೆಕ್ಕ ಇವತ್ತಿಗೂ ಮನಸ್ಸಿನಲ್ಲಿದೆ. ಕೂಡಿಸಿದ ದಿನದಿಂದ ಪ್ರಯೋಗಕ್ಕೆ ಬರುವ ಮರಿಗೆ ಸುಮಾರು ಮೂರು ತಿಂಗಳು, ನಾಲ್ಕರಲ್ಲಿ ಒಂದು ಮರಿ ಮಾತ್ರ ನಾಕ್‌ಔಟ್. ಆ ಕಾಯುವಿಕೆ ಬೇಡ ಅಂತಲೇ ನಾನು ಕೊಂಡು ತಂದದ್ದು.

ಆದ್ದರಿಂದ ಯಾವ ಇಲಿ ಒಳ್ಳೆಯದು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಹೆಸರಿಸಿದ ಐಎಲ್-10 ನಾಕ್‌ಔಟ್ ಇಲಿಯನ್ನೇ ನೋಡಿ. ಐಎಲ್-10 ಅಂದರೆ ಉರಿಯೂತ ತಗ್ಗಿಸುವ ಒಂದು ಪ್ರೋಟೀನ್. 1993ರಲ್ಲಿ ಜರ್ಮನಿಯ ಕಲೋನ್ ನಗರದ ಸಂಶೋಧಕರು ಆ ಇಲಿಯ ಬಗ್ಗೆ ಬರೆದಾಗ ಮಾಮೂಲಿ ಕೋಣೆಯಲ್ಲಿ ಅದಕ್ಕೆ ಕರುಳಿನುದ್ದಕ್ಕೂ ಉರಿಯೂತ, ರೋಗಾಣು ತಡೆದ ಕೋಣೆಯಲ್ಲಿ ದೊಡ್ಡ ಕರುಳಿನಲ್ಲಿ ಮಾತ್ರ. ಬ್ಯಾಕ್ಟೀರಿಯಾ ಒಂದೂ ಇಲ್ಲದಂತೆ ಸಾಕಿದರೆ ಬರುವುದೇ ಇಲ್ಲ ಅಂತ ಆಮೇಲೆ ತಿಳಿಯಿತು. ಹೆಲಿಕೋಬ್ಯಾಕ್ಟರ್ ಹೆಪಾಟಿಕಸ್ ಅನ್ನುವ ಬ್ಯಾಕ್ಟೀರಿಯಾ ಸೇರಿದರೆ ಜೋರಾಗುತ್ತದೆ. ಬ್ಲ್ಯಾಕ್ 6 ಅನ್ನುವ ಇಲಿ ತಳಿಯಲ್ಲಿ ನಿಧಾನ, ಸಿ3ಎಚ್ ತಳಿಯಲ್ಲಿ ತೀವ್ರ. ಜೀನ್ ಮಾತ್ರ ಎಲ್ಲ ಕಡೆಯೂ ಅದೇ.

ಇಲಿಯಿಂದ ಪ್ರಯೋಜನವಿಲ್ಲ ಅಂತ ನಾನು ಹೇಳುತ್ತಿಲ್ಲ. ಹುಟ್ಟಿದ ಕೆಲವೇ ತಿಂಗಳಲ್ಲಿ ಕರುಳು ಹುಣ್ಣಾಗುತ್ತಿದ್ದ ಕೂಸುಗಳಲ್ಲಿ ಐಎಲ್-10 ರಿಸೆಪ್ಟರ್, ಅಂದರೆ ಐಎಲ್-10ರ ಸಂಕೇತ ಹಿಡಿಯುವ ಪ್ರೋಟೀನ್, ಅದರ ಜೀನ್ ಕೆಟ್ಟಿರುವುದು 2009ರಲ್ಲಿ ಸಿಕ್ಕಿತು. ಇಲಿ ಹದಿನಾರು ವರ್ಷ ಮೊದಲೇ ತೋರಿಸಿದ್ದ ದಾರಿ ಅದು. ಮೂಳೆಮಜ್ಜೆ ಕಸಿಯಿಂದ ಅಂಥ ಮಕ್ಕಳು ಉಳಿದಿದ್ದಾರೆ.

ಇಲಿ ಆರಿಸುವುದಕ್ಕೆ ಮೊದಲು ನಿಮ್ಮ ಅನಿಮಲ್ ಹೌಸಿನ ಇತ್ತೀಚಿನ ಆರೋಗ್ಯ ವರದಿ ಕೇಳಿ ಪಡೆಯಿರಿ. ಅದರಲ್ಲಿ ಹೆಲಿಕೋಬ್ಯಾಕ್ಟರ್ ಪರೀಕ್ಷೆ ಮಾಡಿದ್ದಾರೆಯೇ, ಒಡಹುಟ್ಟಿದ ಮರಿಗಳನ್ನೇ ಕಂಟ್ರೋಲ್ ಮಾಡಲು ಗೂಡುಗಳಿವೆಯೇ ನೋಡಿ. ಗೂಡಿಲ್ಲ, ಕೊಂಡು ತನ್ನಿ ಅಂತ ಗೈಡ್ ಅಂದರೆ ದಯವಿಟ್ಟು ಒಪ್ಪಬೇಡಿ.