ಕಪ್ಪೆಯ ಹೃದಯ ವಿಕಾಸದಲ್ಲಿ ಅರ್ಧಕ್ಕೆ ನಿಂತುಹೋದದ್ದೇ?

ಮೀನಿಗೆ ಎರಡು ಕೋಣೆ, ಕಪ್ಪೆಗೆ ಮೂರು, ನಮಗೆ ನಾಲ್ಕು. ಕಪ್ಪೆಯಲ್ಲಿ ಆಮ್ಲಜನಕ ಇರುವ ರಕ್ತವೂ ಇಲ್ಲದ ರಕ್ತವೂ ಬೆರೆತುಹೋಗುತ್ತದಲ್ಲ, ಆದರೂ ಅದು ಬದುಕುವುದು ಹೇಗೆ ಎಂದು ಕೇಳಿದ್ದೀರಿ. ಪಿಯು ವಿದ್ಯಾರ್ಥಿಗಳಿಗೆ ಪ್ರಾಣಿಶಾಸ್ತ್ರ ಹೇಳುವ ನನಗೆ ಈ ಪ್ರಶ್ನೆ ಹೊಸದಲ್ಲ. ಒಂದೇ ಪುಟದಲ್ಲಿ ಎರಡು, ಮೂರು, ನಾಲ್ಕು ಎಂದು ಸಾಲಾಗಿ ಚಿತ್ರ ಬರೆದಿಟ್ಟರೆ, ಎರಡನೆಯ ಕ್ಲಾಸು, ಮೂರನೆಯ ಕ್ಲಾಸು ಪಾಸಾದ ಹಾಗೆ ಯಾರಿಗಾದರೂ ಕಾಣುತ್ತದೆ.

ಮೊದಲು ಬೆರಕೆಯ ಮಾತು. ಕಪ್ಪೆಗೆ ಹೃತ್ಕುಕ್ಷಿ, ಅಂದರೆ ರಕ್ತವನ್ನು ಹೊರಕ್ಕೆ ತಳ್ಳುವ ಕೋಣೆ, ಒಂದೇ, ನಿಜ. ಆದರೆ ಅದು ಬರಿದಾದ ಚೀಲವಲ್ಲ. ಒಳಗೆಲ್ಲ ಸ್ನಾಯುವಿನ ಎಳೆಗಳು ಹೆಣೆದುಕೊಂಡಿರುತ್ತವೆ. ರಕ್ತ ಮರಳಿ ಬಂದು ಸೇರುವ ಎಡ ಮತ್ತು ಬಲ ಕೋಣೆಗಳಿಂದ, ಅಂದರೆ ಹೃತ್ಕರ್ಣಗಳಿಂದ, ಇಳಿದ ರಕ್ತ ಈ ಎಳೆಗಳ ಸಂದಿಗಳಲ್ಲಿ ಹೆಚ್ಚಿನಂಶ ಬೇರೆ ಬೇರೆಯಾಗಿಯೇ ಉಳಿಯುತ್ತದೆ. ಹೊರನಾಳದಲ್ಲಿರುವ ಸುರುಳಿ ಕವಾಟ ಒಂದು ಪಾಲನ್ನು ತಲೆ ಮತ್ತು ದೇಹಕ್ಕೆ, ಇನ್ನೊಂದನ್ನು ಶ್ವಾಸಕೋಶ ಮತ್ತು ಚರ್ಮಕ್ಕೆ ತಿರುಗಿಸುತ್ತದೆ.

ಚರ್ಮ ಎಂದೆನಲ್ಲ, ಗುಟ್ಟು ಇರುವುದೇ ಅಲ್ಲಿ. ಕಪ್ಪೆ ತನ್ನ ತೇವದ ಚರ್ಮದಿಂದಲೂ ಉಸಿರಾಡುತ್ತದೆ. ಆ ಚರ್ಮದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಮರಳುವುದು ಎಡಕ್ಕಲ್ಲ, ದೇಹದ ಉಳಿದ ರಕ್ತದ ಜೊತೆಗೆ ಬಲ ಹೃತ್ಕರ್ಣಕ್ಕೆ. ಈಗ ಕಪ್ಪೆ ನೀರಿನಡಿ ಕುಳಿತಿದೆ ಎಂದುಕೊಳ್ಳಿ. ಶ್ವಾಸಕೋಶಕ್ಕೆ ಹೊಸ ಗಾಳಿ ಇಲ್ಲ, ಆಮ್ಲಜನಕ ಬರುತ್ತಿರುವುದು ಚರ್ಮದಿಂದ ಮಾತ್ರ, ಅದೂ ಬಲಬದಿಗೆ. ನಮ್ಮಲ್ಲಿರುವಂತೆ ಹೃತ್ಕುಕ್ಷಿಯ ನಡುವೆ ಗಟ್ಟಿ ಗೋಡೆ ಎದ್ದಿದ್ದರೆ, ಆ ಆಮ್ಲಜನಕ ದೇಹವನ್ನು ಮುಟ್ಟಲು ಕೆಲಸವಿಲ್ಲದ ಶ್ವಾಸಕೋಶವನ್ನು ಸುತ್ತಿಕೊಂಡೇ ಬರಬೇಕಾಗುತ್ತಿತ್ತು. ಗೋಡೆ ಇಲ್ಲದ್ದರಿಂದ ನೇರವಾಗಿ ಹೋಗುತ್ತದೆ. ಕಪ್ಪೆಗೆ ಇದು ಕೊರತೆಯಲ್ಲ, ಅನುಕೂಲ.

ಹಾಗಾದರೆ ನಮಗೇಕೆ ಗೋಡೆ? ಬೆರಕೆ ತಪ್ಪಿಸಲು ಎಂದಷ್ಟೇ ಪಠ್ಯಪುಸ್ತಕಗಳು ಹೇಳಿ ಮುಗಿಸುತ್ತವೆ. ನನ್ನ ದೃಷ್ಟಿಯಲ್ಲಿ ಒತ್ತಡದ ಕಾರಣ ಅದಕ್ಕಿಂತ ದೊಡ್ಡದು. ನಮ್ಮ ಎಡ ಹೃತ್ಕುಕ್ಷಿ ಸುಮಾರು 120 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ರಕ್ತ ತಳ್ಳಿದರೆ, ಬಲದ್ದು ಸುಮಾರು 25ರಲ್ಲಿ ತಳ್ಳುತ್ತದೆ. ಶ್ವಾಸಕೋಶದ ಪೊರೆ ಅಷ್ಟು ತೆಳು. ಎಡಬದಿಯ ಒತ್ತಡ ಅದರ ಮೇಲೆ ಬಿದ್ದರೆ ರಕ್ತದ ದ್ರವ ಸೋರಿ ಶ್ವಾಸಕೋಶದೊಳಗೆ ತುಂಬಿಕೊಳ್ಳುತ್ತದೆ. ಸದಾ ಮೈ ಬೆಚ್ಚಗಿಟ್ಟುಕೊಳ್ಳುವ ಪ್ರಾಣಿಗೆ ಅದೇ ತೂಕದ ಸರೀಸೃಪಕ್ಕಿಂತ ಹಲವು ಪಟ್ಟು ಆಮ್ಲಜನಕ ಬೇಕು, ಅದಕ್ಕೆ ಹೆಚ್ಚಿನ ಒತ್ತಡ ಬೇಕು. ಹಾಗಾಗಿ ಎರಡು ಪಂಪು. ಹಕ್ಕಿಗಳೂ ಸಸ್ತನಿಗಳೂ ಈ ಗೋಡೆಯನ್ನು ಒಂದರಿಂದ ಒಂದು ಪಡೆಯಲಿಲ್ಲ, ಬೇರೆ ಬೇರೆಯಾಗಿಯೇ ಕಟ್ಟಿಕೊಂಡವು.

ಮೀನಿನದು ಒಂದೇ ಸುತ್ತು: ಹೃದಯ, ಕಿವಿರು, ದೇಹ, ಮತ್ತೆ ಹೃದಯ. ಕಿವಿರಿನ ಸಣ್ಣ ನಾಳಗಳನ್ನು ದಾಟುವಾಗ ಒತ್ತಡ ತಗ್ಗುತ್ತದೆ, ಮೀನಿಗೆ ಅಷ್ಟು ಸಾಕು. ದಕ್ಷಿಣ ಧ್ರುವದ ಸಮುದ್ರದ ಐಸ್‌ಫಿಶ್ ಅಂತೂ ಅದೇ ಎರಡು ಕೋಣೆಯಲ್ಲಿ ಇನ್ನೊಂದು ವಿಚಿತ್ರ ಮಾಡಿ ತೋರಿಸಿದೆ. ಅದರ ರಕ್ತದಲ್ಲಿ ಹಿಮೋಗ್ಲೋಬಿನ್ನೇ ಇಲ್ಲ, ರಕ್ತಕ್ಕೆ ಕೆಂಪು ಬಣ್ಣವಿಲ್ಲ. ನಾರ್ವೆಯ ವಿಜ್ಞಾನಿ ಯೋಹಾನ್ ರೂಡ್ 1954ರಲ್ಲಿ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊರೆಯುವ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ ನಿಜ, ಆದರೂ ಈ ರಕ್ತ ಹೊರಬಲ್ಲದ್ದು ಕೆಂಪು ರಕ್ತದ ಮೀನುಗಳ ರಕ್ತ ಹೊರುವುದರ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಅದನ್ನು ತುಂಬಿಸಲು ದೊಡ್ಡ ಹೃದಯ, ಅಗಲವಾದ ನಾಳಗಳು, ಮೈತುಂಬ ಹೆಚ್ಚು ರಕ್ತ.

ಇನ್ನು ಮೊಸಳೆ. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಮಲಗುವ ಈ ಶೀತರಕ್ತದ ಪ್ರಾಣಿಗೆ ನಾಲ್ಕು ಕೋಣೆಗಳಿವೆ, ಗೋಡೆಯೂ ಪೂರ್ತಿ ಇದೆ. ಆದರೆ ದೇಹಕ್ಕೆ ರಕ್ತ ಒಯ್ಯುವ ಅದರ ಎರಡು ದೊಡ್ಡ ನಾಳಗಳಲ್ಲಿ (ಮಹಾಪಧಮನಿಗಳಲ್ಲಿ) ಒಂದು ಬಲ ಹೃತ್ಕುಕ್ಷಿಯಿಂದಲೇ ಹೊರಡುತ್ತದೆ. ಮುಳುಗಿದಾಗ ಶ್ವಾಸಕೋಶದ ದಾರಿಯ ಕವಾಟ ಬಿಗಿದು, ಬಲಬದಿಯ ರಕ್ತ ಶ್ವಾಸಕೋಶಕ್ಕೆ ಹೋಗದೆ ಮತ್ತೆ ದೇಹಕ್ಕೇ ಹೊರಳಬಲ್ಲದು. ಇದರಿಂದ ಮೊಸಳೆಗೆ ಏನು ಲಾಭ ಎಂಬ ಬಗ್ಗೆ ವಿಜ್ಞಾನಿಗಳು ಇನ್ನೂ ಜಗಳವಾಡುತ್ತಿದ್ದಾರೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಆ ರಕ್ತ ಹೊಟ್ಟೆಯಲ್ಲಿ ಆಮ್ಲ ತಯಾರಿಸಲು ನೆರವಾಗುತ್ತದೆ ಎಂಬ ವಾದ ನನಗೆ ಇಷ್ಟ. ಮೂಳೆಸಮೇತ ನುಂಗುವ ಪ್ರಾಣಿಯಲ್ಲವೇ.

ಶ್ವಾಸಕೋಶವನ್ನು ತಪ್ಪಿಸಿ ಹೋಗುವ ದಾರಿ ನಮ್ಮಲ್ಲೂ ಇತ್ತು. ತಾಯಿಯ ಗರ್ಭದಲ್ಲಿ ಶ್ವಾಸಕೋಶಕ್ಕೆ ಉಸಿರಾಟದ ಕೆಲಸವಿಲ್ಲ, ಆಮ್ಲಜನಕ ಬರುವುದು ಮಾಸದಿಂದ (ಪ್ಲಾಸೆಂಟಾ), ಅದೂ ಕಪ್ಪೆಯ ಚರ್ಮದ ರಕ್ತದಂತೆ ಬಲ ಹೃತ್ಕರ್ಣಕ್ಕೆ. ಎರಡು ಹೃತ್ಕರ್ಣಗಳ ನಡುವಿನ ಕಿಂಡಿಯ ಮೂಲಕ ಅದು ಎಡಕ್ಕೆ ದಾಟುತ್ತದೆ. ಹುಟ್ಟಿದ ಮೇಲೆ ಕಿಂಡಿ ಮುಚ್ಚಿಕೊಳ್ಳುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ದೊಡ್ಡವರಾದ ಮೇಲೂ ಪೂರ್ತಿ ಬೆಸೆದುಕೊಂಡಿರುವುದಿಲ್ಲ, ಅವರಲ್ಲಿ ಬಹುತೇಕರಿಗೆ ಅದು ಗೊತ್ತೂ ಆಗುವುದಿಲ್ಲ.