ಸರ್ಕಾರದ ಜಾಗೃತಿ ಜಾಹೀರಾತು ಕಂಡರೆ ಜನ ಯಾಕೆ ಮುಖ ತಿರುಗಿಸುತ್ತಾರೆ?

ಥಿಯೇಟರ್‌ನಲ್ಲಿ ತಂಬಾಕಿನ ಎಚ್ಚರಿಕೆ ಬಂದರೆ ಜನ ನಗುತ್ತಾರೆ, ಫೋನಿನಲ್ಲಿ ಸರ್ಕಾರದ ಸಂದೇಶ ಬಂದರೆ ಬೈಯುತ್ತಾರೆ. ಹಾಗಿದ್ದ ಮೇಲೆ ಇದಕ್ಕೆಲ್ಲ ದುಡ್ಡು ಸುರಿಯುವುದು ದಂಡ ಅಲ್ವಾ ಅಂತ ಕೇಳಿದ್ದೀರಿ. ಪೂರ್ತಿ ದಂಡ ಅಂತ ನನಗೆ ಅನ್ನಿಸುವುದಿಲ್ಲ. ಬುದ್ಧಿಮಾತಿನ ಮೇಲೆ ಜನಕ್ಕೆ ಅಷ್ಟೇನೂ ಸಿಟ್ಟಿಲ್ಲ. ಗೊತ್ತಿರುವುದನ್ನೇ ನೂರು ಸಲ ಹೇಳುತ್ತಾರೆ, "ಸರಿ ಸ್ವಾಮಿ, ಈಗ ನಾನೇನು ಮಾಡಲಿ?" ಅಂದರೆ ಉತ್ತರ ಕೊಡುವವರು ಇರುವುದಿಲ್ಲ. ಸಿಟ್ಟು ಬರುವುದು ಅಲ್ಲಿ.

ಹಿಂದೆ ಬೆಂಗಳೂರಿನ ಒಂದು ಸಣ್ಣ ಏಜೆನ್ಸಿಯಲ್ಲಿ ಇಂಥ ಜಾಹೀರಾತುಗಳಿಗೆ ಕನ್ನಡದ ಸಾಲು ಬರೆಯುವ ಕೆಲಸ ಮಾಡಿದ್ದೆ. ಹಾಗಾಗಿ ಬೈಯುವವರ ಕಡೆಯೂ ನನ್ನದೇ, ಬೈಸಿಕೊಳ್ಳುವವರ ಕಡೆಯೂ ನನ್ನದೇ.

ಮೊದಲು ತಂಬಾಕಿನದು. ಸಿನಿಮಾದಲ್ಲಿ ಯಾರಾದರೂ ಸಿಗರೇಟು ಸೇದುವ ದೃಶ್ಯ ಇದ್ದರೆ ಶುರುವಿನಲ್ಲೂ ಇಂಟರ್ವಲ್ ಹೊತ್ತಿನಲ್ಲೂ 30 ಸೆಕೆಂಡಿನ ಎಚ್ಚರಿಕೆ ತೋರಿಸಬೇಕು, ಆ ದೃಶ್ಯದ ಕೆಳಗೆ ಅಕ್ಷರವೂ ಬರಬೇಕು. 2012ರಿಂದ ಇರುವ ನಿಯಮ ಇದು. ಇದಕ್ಕೆ ಒಪ್ಪದ ಅಮೆರಿಕದ ನಿರ್ದೇಶಕ ವುಡಿ ಆಲನ್ 2013ರಲ್ಲಿ ತಮ್ಮ ಸಿನಿಮಾವನ್ನು ಭಾರತದಲ್ಲಿ ಬಿಡುಗಡೆಯೇ ಮಾಡಲಿಲ್ಲ. ನಮ್ಮ ಪ್ರೇಕ್ಷಕರು ಸಿನಿಮಾ ನೋಡುವುದನ್ನು ಬಿಡಲಿಲ್ಲ, ಎಚ್ಚರಿಕೆಯನ್ನೇ ತಮಾಷೆ ಮಾಡಿಕೊಂಡರು. ಆ ಎಚ್ಚರಿಕೆಯಲ್ಲಿ ಮುಕೇಶ್ ಅನ್ನುವ ಹೆಸರು ಬಂದರೆ ಸಾಕು, ಹಿಂದಿನ ಸಾಲಿನವರು ಮುಂದಿನ ಮಾತು ಬಾಯಿಪಾಠ ಒಪ್ಪಿಸುತ್ತಿದ್ದರು. ಆತ ನಟ ಅಂದುಕೊಂಡವರು ಈಗಲೂ ಇದ್ದಾರೆ. ನಟ ಅಲ್ಲ, ಗುಟ್ಕಾ ತಿಂದು ಬಾಯಿ ಕ್ಯಾನ್ಸರ್ ಆಗಿ 2009ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡ ಹುಡುಗ. ಆ ನಗು ಕೇಳಿದರೆ ನನಗೆ ಈಗಲೂ ಕಸಿವಿಸಿ. ಆದರೆ ನಗುವವರು ಕಟುಕರಲ್ಲ. ಒಂದೇ ಸಾವನ್ನು ಪಾಪ್‌ಕಾರ್ನ್ ಜೊತೆಗೆ ವರ್ಷಗಟ್ಟಲೆ ತೋರಿಸಿದರೆ ಏನಾಗಬೇಕೋ ಅದೇ ಆಗಿದೆ.

ಸೇದಿದರೆ ಕಾಯಿಲೆ ಬರುತ್ತದೆ ಅನ್ನುವುದು ಜನಕ್ಕೆ ಗೊತ್ತಿಲ್ಲವೇ? 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 92ರಷ್ಟು ಮಂದಿ ಗೊತ್ತು ಅಂದಿದ್ದರು. ಅದೇ ಸಮೀಕ್ಷೆಯ ಪ್ರಕಾರ ತಂಬಾಕು ಬಳಸುವವರು ಶೇ. 28.6. ಅಂದರೆ ಗೊತ್ತಿದ್ದೂ ಸೇದುವವರು, ಅಗಿಯುವವರು ಕೋಟಿಗಟ್ಟಲೆ. ಅವರಿಗೆ ಮತ್ತೆ ಅದನ್ನೇ ಹೇಳಿ ಏನು ಪ್ರಯೋಜನ? ಹಾಗಂತ ಏನೂ ಬದಲಾಗಿಲ್ಲ ಅಂತಲ್ಲ. 2009-10ರಲ್ಲಿ ಶೇ. 34.6 ಇತ್ತು, ಅಲ್ಲಿಂದ ಇಳಿದಿದೆ. ತೆರಿಗೆ, ಗುಟ್ಕಾ ನಿಷೇಧ, ಜಾಹೀರಾತು ಎಲ್ಲದರಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳುವುದು ಕಷ್ಟ.

ನನಗೆ ಸಿನಿಮಾಕ್ಕಿಂತ ಪ್ಯಾಕಿನ ಮೇಲಿನ ಚಿತ್ರದ ಮೇಲೆ ನಂಬಿಕೆ ಜಾಸ್ತಿ. ಸೇದುವವನ ಕೈಯಲ್ಲಿ, ಸೇದುವ ಹೊತ್ತಿಗೇ ಇರುತ್ತದೆ ಅದು. 2018ರಿಂದ ಬಿಡಲು ಸಹಾಯ ಮಾಡುವ ಉಚಿತ ಫೋನ್ ನಂಬರೂ ಅಲ್ಲೇ ಇದೆ. ಕಂಪನಿಗಳಿಗೂ ಇದರ ಶಕ್ತಿ ಗೊತ್ತು. ಪ್ಯಾಕಿನ ಶೇ. 85 ಭಾಗದಲ್ಲಿ ಎಚ್ಚರಿಕೆ ಇರಬೇಕು ಅನ್ನುವ ನಿಯಮದ ವಿರುದ್ಧ ಅವು ಕೋರ್ಟಿಗೆ ಹೋದವು. ನಮ್ಮ ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ಆ ನಿಯಮ ರದ್ದು ಮಾಡಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಪರಿಣಾಮ ಇಲ್ಲದ ಚಿತ್ರಕ್ಕೆ ಇಷ್ಟೊಂದು ಜಗಳ ಯಾರಾದರೂ ಆಡುತ್ತಾರಾ?

ಇನ್ನು ಫೋನಿನ ಕಥೆ. 2020ರ ಮಾರ್ಚ್‌ನಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೊರೊನಾ ಎಚ್ಚರಿಕೆ ಬರುತ್ತಿತ್ತು, ಅದು ಶುರುವಾಗುತ್ತಿದ್ದದ್ದೇ ಕೆಮ್ಮಿನಿಂದ. ಮೊದಲ ಸಲ ಆ ಕೆಮ್ಮು ಕೇಳಿದಾಗ, ಆ ಕಡೆಯವರೇ ಕೆಮ್ಮುತ್ತಿದ್ದಾರೆ ಅಂತ ಹೆದರಿದವರು ಎಷ್ಟೋ ಜನ. ಮೊದಲ ವಾರ ಅದು ಒಳ್ಳೆಯ ಕೆಲಸವನ್ನೇ ಮಾಡಿತು. ಟಿವಿ, ಪೇಪರ್ ಇಲ್ಲದ ಮನೆಗೂ ಸುದ್ದಿ ಮುಟ್ಟಿತು. ಆಮೇಲೆ ನಿಲ್ಲಿಸಲೇ ಇಲ್ಲ. ಮನೆಯಲ್ಲಿ ಒಬ್ಬರಿಗೆ ಉಸಿರು ಸಿಗುತ್ತಿಲ್ಲ, ಆಸ್ಪತ್ರೆಗೆ ಫೋನ್ ಮಾಡುತ್ತಿದ್ದೀರಿ, ಆಗಲೂ ಕೈ ತೊಳೆಯುವ ಪಾಠ ಮುಗಿಯುವವರೆಗೆ ಕಾಯಬೇಕು. 2021ರ ಮೇ ತಿಂಗಳಲ್ಲಿ ಇನ್ನೂ ಚೆನ್ನಾಗಿತ್ತು! ಲಸಿಕೆ ಹಾಕಿಸಿಕೊಳ್ಳಿ ಅಂತ ಫೋನು ಹೇಳುತ್ತಿತ್ತು, ಲಸಿಕಾ ಕೇಂದ್ರಕ್ಕೆ ಹೋದರೆ ಸ್ಟಾಕ್ ಇಲ್ಲ ಅನ್ನುವ ಬೋರ್ಡು. ಕೊಡಲು ಲಸಿಕೆಯೇ ಇಲ್ಲದಿರುವಾಗ ಇದೆಂಥ ಕಿರಿಕಿರಿಯ ಸಂದೇಶ ಅಂತ ದೆಹಲಿ ಹೈಕೋರ್ಟೇ ಕೇಂದ್ರ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಜನ ಮನೆಯಲ್ಲಿ ಕೂತು ಹೇಳುತ್ತಿದ್ದ ಮಾತನ್ನೇ ನ್ಯಾಯಮೂರ್ತಿಗಳು ಹೇಳಿದ್ದರು.

ಈಗ ಪೋಲಿಯೋ ನೋಡಿ. ಭಾನುವಾರ ಬೆಳಿಗ್ಗೆ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಕೂಗುತ್ತಾ ಬರುತ್ತಿದ್ದರಲ್ಲ, ಅದೂ ಸರ್ಕಾರಿ ಪ್ರಚಾರವೇ. ಅದಕ್ಕೆ ಬೈದವರು ನಮ್ಮ ಬೀದಿಯಲ್ಲಿ ಯಾರೂ ನೆನಪಿಲ್ಲ. ಯಾಕೆಂದರೆ ಆಟೋ ಹೋದ ದಾರಿಯಲ್ಲೇ ಬೂತ್ ಇರುತ್ತಿತ್ತು. ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ, ಮುಗಿಯಿತು. ಭಾನುವಾರ ಬರದ ಮಗುವಿಗಾಗಿ ಸೋಮವಾರ ಅಂಗನವಾಡಿಯವರು ಮನೆ ಬಾಗಿಲಿಗೇ ಬರುತ್ತಿದ್ದರು. ನಮ್ಮ ಸೋದರತ್ತೆಯೂ ಅಂಗನವಾಡಿಯವರೇ. ಬಿಸಿಲಲ್ಲಿ ಐಸ್ ಪ್ಯಾಕ್ ತುಂಬಿದ ಡಬ್ಬ ಹೆಗಲಿಗೆ ಹಾಕಿಕೊಂಡು, ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗುತ್ತಿದ್ದರು. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ 'ಪಿ', ಒಂದು ಮಗು ಬಿಟ್ಟುಹೋಗಿದ್ದರೂ 'ಎಕ್ಸ್'. ಎಕ್ಸ್ ಮನೆಗೆ ಮತ್ತೆ ಹೋಗಲೇಬೇಕು. ಟಿವಿಯಲ್ಲಿ ಅಮಿತಾಭ್ ಬಚ್ಚನ್ ಗದರಿದ್ದು ಎಲ್ಲರಿಗೂ ನೆನಪಿದೆ. ಆದರೆ ಅವರು ಗದರಿದ್ದು ಫಲ ಕೊಟ್ಟದ್ದು ಬಾಗಿಲು ತಟ್ಟಿದ ಇಂಥ ಲಕ್ಷಾಂತರ ಹೆಂಗಸರಿಂದ. 2009ರಲ್ಲಿ ದೇಶದಲ್ಲಿ 741 ಪ್ರಕರಣ ಇದ್ದವು, 2010ರಲ್ಲಿ 42, 2011ರಲ್ಲಿ ಒಂದೇ ಒಂದು, ಅದು ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಪೋಲಿಯೋ ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿತು.

ಅಲ್ಲೂ ವಿರೋಧ ಇರಲಿಲ್ಲ ಅಂತಲ್ಲ. ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ, ಇದು ಮುಂದೆ ಮಕ್ಕಳಾಗದಂತೆ ಮಾಡುವ ಔಷಧಿ ಅನ್ನುವ ಗುಮಾನಿ ಹಬ್ಬಿತ್ತು. ಗುಮಾನಿ ಸುಳ್ಳು, ಆದರೆ ಅದರ ಹಿಂದಿನ ಭಯಕ್ಕೆ ಕಾರಣ ಇತ್ತು. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಸಂತಾನಹರಣ ಆಪರೇಷನ್ ಮಾಡಿದ್ದರು, ಎಷ್ಟೋ ಕಡೆ ಬಲವಂತವಾಗಿ. ಅದಕ್ಕೆ ಮುಂಚೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಗೋಡೆ ಬರಹಗಳನ್ನು ಜನ ಸುಮ್ನೆ ಓದಿಕೊಂಡು ಹೋಗುತ್ತಿದ್ದರು. ನಮ್ಮ ಕಡೆ "ಆರತಿಗೊಬ್ಬಳು, ಕೀರ್ತಿಗೊಬ್ಬ" ಅನ್ನುವುದು ಮನೆಮಾತೇ ಆಗಿತ್ತು (ಆರತಿ ಹೆಣ್ಣಿಗೆ, ಕೀರ್ತಿ ಗಂಡಿಗೆ ಅಂತ ಹಂಚಿದ್ದು ಯಾವ ನ್ಯಾಯವೋ, ಅದು ಬೇರೆ ಜಗಳ). ಆ ಒಂದೆರಡು ವರ್ಷದ ಬಲವಂತದ ಪೆಟ್ಟು ಮಾತ್ರ ಈಗಲೂ ವಾಸಿಯಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಆಪರೇಷನ್ ಮಾಡಿಸಿಕೊಂಡ ಹೆಂಗಸರು ಶೇ. 37.9, ಗಂಡಸರ ಆಪರೇಷನ್ ಶೇ. 0.3. ಇದಕ್ಕೆ ಗಂಡಸರ ಅಹಂಕಾರವೂ ಕಾರಣ ಅನ್ನಿ.

ಜನ ಮುಖ ತಿರುಗಿಸಲು ಇನ್ನೊಂದು ಕಾರಣ ಫೋಟೋ. ಡೆಂಗೆ ಬಗ್ಗೆ ಅರ್ಧ ಪುಟದ ಜಾಹೀರಾತು, ಅದರಲ್ಲಿ ಸೊಳ್ಳೆ ಇಷ್ಟೇ ಇಷ್ಟು, ಮಂತ್ರಿಗಳು ಅಷ್ಟು ದೊಡ್ಡದು. 2015ರಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಫೋಟೋ ಬೇಡ ಅಂದಿತ್ತು. ಮರುವರ್ಷವೇ ರಾಜ್ಯಪಾಲರು, ಮುಖ್ಯಮಂತ್ರಿ, ಮಂತ್ರಿಗಳು ಎಲ್ಲರೂ ವಾಪಸ್ ಬಂದರು. ನಾನು ಬರೆದ ಸಾಲುಗಳಲ್ಲಿ ಎಷ್ಟೋ ಆ ಫೋಟೋಗಳಿಗೆ ಜಾಗ ಬಿಡಲು ಕತ್ತರಿಸಿಹೋಗಿವೆ. ಓದುವವನಿಗೆ ಇದು ಅರ್ಥವಾಗುವುದಿಲ್ಲ ಅಂದುಕೊಂಡವರು ಓದುವವನನ್ನು ನೋಡೇ ಇಲ್ಲ.

ಜಾಹೀರಾತಿನಿಂದಲ್ಲದೆ ಜನ ಬದಲಾದದ್ದನ್ನೂ ನಾವೇ ಕಣ್ಣಾರೆ ನೋಡಿದ್ದೇವೆ. ನೇತ್ರದಾನದ ಪೋಸ್ಟರ್ ಆಸ್ಪತ್ರೆ ಗೋಡೆಗಳಲ್ಲಿ ದಶಕಗಳಿಂದ ಇತ್ತು. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು, 2017ರಲ್ಲಿ ಪಾರ್ವತಮ್ಮನವರದೂ ಆಯಿತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದರು. ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರ ಬಿಡಿಸಿ, ನಾರಾಯಣ ನೇತ್ರಾಲಯದ ವೈದ್ಯರು ನಾಲ್ಕು ಜನಕ್ಕೆ ಹಾಕಿದರು. ಆಮೇಲಿನ ದಿನಗಳಲ್ಲಿ ಹಳ್ಳಿ ಹಳ್ಳಿಯಲ್ಲಿ, ಅಭಿಮಾನಿ ಸಂಘಗಳಲ್ಲಿ, ಮದುವೆ ಮನೆಗಳಲ್ಲೂ ನೇತ್ರದಾನಕ್ಕೆ ಹೆಸರು ಬರೆಸಿದರು. ಹೇಳಿದವರೇ ಮಾಡಿ ತೋರಿಸಿದ್ದರು. ನಂಬಲು ಅಷ್ಟು ಸಾಕಾಯಿತು.

ಆದರೆ ಇಲ್ಲೂ ನಮ್ಮ ಪೋಸ್ಟರ್‌ಗಳು ಅರ್ಧಕ್ಕೇ ನಿಲ್ಲುತ್ತವೆ. ಹೆಸರು ಬರೆಸಿ ಅನ್ನುತ್ತವೆ, ಸಾವು ಆದ ದಿನ ಮನೆಯವರು ಏನು ಮಾಡಬೇಕು ಅಂತ ಹೇಳುವುದು ಕಡಿಮೆ. ಬರೆಸಿದ ವ್ಯಕ್ತಿಗೆ ತಾನೇ ಎದ್ದು ಫೋನ್ ಮಾಡಲಾಗುತ್ತದೆಯೇ? ನನ್ನ ಕೈಗೆ ಮತ್ತೆ ಆ ಕೆಲಸ ಬಂದರೆ ಪೋಸ್ಟರ್ ತುಂಬ ಇದನ್ನೇ ಬರೆಯುತ್ತೇನೆ: ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹಾಗಾಗಿ ಕೂಡಲೇ ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ. ತಲೆ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರ ಮಾಡಿ. ಅವರೇ ಮನೆಗೆ ಬರುತ್ತಾರೆ, ದುಡ್ಡು ಕೇಳುವುದಿಲ್ಲ. ನೀವು ಹೆಸರು ಬರೆಸಿದ್ದರೆ ಇವತ್ತೇ ಮನೆಯವರಿಗೆ ಹೇಳಿಬಿಡಿ.