1917ರ ಬ್ರಿಟನ್ ಕಾರ್ಖಾನೆ ಹುಡುಗಿಯರ ಹಳದಿ ಮೇಕಪ್
ನಿಮ್ಮ ನಾಟಕದ ಮದ್ದುಗುಂಡು ಕಾರ್ಖಾನೆ ಹುಡುಗಿಯರು ಅರಿಶಿನ ಶಾಸ್ತ್ರಕ್ಕೆ ಕೂತ ಮದುಮಗಳ ಥರ ಕಾಣುತ್ತಿರುವುದಕ್ಕೆ ಕಾರಣ, ಬಹುಶಃ ಬಣ್ಣ ಎಲ್ಲ ಕಡೆ ಒಂದೇ ಸಮ ಬಳಿದಿರುವುದು. ಮೊದಲ ಮಹಾಯುದ್ಧದ ಕಾಲದ ನಿಜವಾದ ಕಾರ್ಖಾನೆ ಹುಡುಗಿಯರು ಶೆಲ್‌ಗಳಿಗೆ, ಅಂದರೆ ಫಿರಂಗಿ ಗುಂಡುಗಳಿಗೆ, ಟಿಎನ್‌ಟಿ ಅನ್ನುವ ಸ್ಫೋಟಕ ತುಂಬುವಾಗ ಅದರ ಪುಡಿಯಿಂದ ಅವರ ಚರ್ಮ ಹಳದಿಯಾಗುತ್ತಿತ್ತು. ಅದಕ್ಕೇ ಕ್ಯಾನರಿ ಹುಡುಗಿಯರು ಅನ್ನುವ ಅಡ್ಡಹೆಸರು; ಕ್ಯಾನರಿ ಅಂದರೆ ಒಂದು ಹಳದಿ ಹಕ್ಕಿ.

ಮೊದಲು ಕೈಗಳಿಗೆ ದಟ್ಟವಾಗಿ ಹಚ್ಚಿ. ಆಮೇಲೆ ಮುಖ, ಕುತ್ತಿಗೆಗೆ ತೆಳುವಾಗಿ. ಟೋಪಿಯಿಂದ ಹಣೆ ಮೇಲೆ ಇಣುಕುವ ಕೂದಲಿಗೆ ಮಾತ್ರ ಕೆಂಚು ಬಣ್ಣ ಕೊಡಿ, ನಿಜವಾಗಿ ಹಾಗೇ ಆಗುತ್ತಿತ್ತು. ಹೇರ್‌ಪಿನ್, ಓಲೆ, ಬಳೆ ಎಲ್ಲ ತೆಗೆಸಿ. ಲೋಹದಿಂದ ಕಿಡಿ ಹಾರೀತು ಅಂತ ಒಳಗೆ ಬಿಡುವ ಮುಂಚೆ ತಪಾಸಣೆ ಇರುತ್ತಿತ್ತು. ಮೂಗುತಿ ತೆಗೆಯಲ್ಲ ಅಂತ ಯಾರಾದರೂ ಹಟ ಮಾಡಿದರೆ ಸುಮ್ನೆ ಬೇರೆ ಪಾತ್ರ ಕೊಡಿ.

ನಿಮ್ಮ ದೀಪಗಳು ಹೇಗಿವೆಯೋ ಗೊತ್ತಿಲ್ಲ. ಹಳದಿ ಬೆಳಕು ಜಾಸ್ತಿ ಇದ್ದರೆ ಈ ಬಣ್ಣ ಕಾಣುವುದೇ ಇಲ್ಲ. ರಿಹರ್ಸಲ್‌ನಲ್ಲೇ ದೀಪ ಹಾಕಿಸಿ, ಕೊನೇ ಸಾಲಿನಲ್ಲಿ ಕೂತು ನೋಡಿ.